ಗಡ್ಡೆ ತೆಗೆದೆ, ಗುಲ್ಮ ಉಳಿಸಿದೆ

ಗುಲ್ಮವನ್ನು (ಸ್ಪ್ಲೀನ್) ಅರ್ಧ ಕತ್ತರಿಸಿದರೆ ರಕ್ತ ನಿಲ್ಲುವುದಿಲ್ಲ, ಪೂರ್ತಿ ತೆಗೆದುಬಿಡಿ ಎಂದು ಹಿರಿಯ ಸರ್ಜನ್‌ಗಳೆಲ್ಲ ಹೇಳಿದ್ದರು. ಈ ರೋಗಿಯ ಗುಲ್ಮದಲ್ಲಿದ್ದ ಹೆಮಾಂಜಿಯೋಮಾ, ಅಂದರೆ ರಕ್ತನಾಳಗಳ ಗಡ್ಡೆ, ಕ್ಯಾನ್ಸರ್ ಅಲ್ಲ. ಅದಕ್ಕಾಗಿ ಗುಲ್ಮ ಪೂರ್ತಿ ತೆಗೆದು ರೋಗಿಯನ್ನು ಜೀವನಪೂರ್ತಿ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಸೋಂಕಿನ ಭಯಕ್ಕೆ ದೂಡುವುದು ನನಗೆ ಸರಿಕಾಣಲಿಲ್ಲ. ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ನಾನು ಮುಟ್ಟುವುದೇ ಇಲ್ಲ, ಸ್ಕ್ಯಾನ್ ಮಾಡಿಸುತ್ತಾ ಕಾಯುತ್ತೇನೆ. ಇದು ಗುಲ್ಮದ ಕೆಳತುದಿಯಲ್ಲಿ ಏಳು ಸೆಂಟಿಮೀಟರಿನ ಆಸುಪಾಸಿಗೆ ಬೆಳೆದಿತ್ತು, ನೋವೂ ಇತ್ತು. ಬಯಾಪ್ಸಿಯ ಗೊಡವೆಗೆ ಹೋಗಲಿಲ್ಲ. ರಕ್ತದ ಮಡುವಿಗೆ ಯಾರು ಸೂಜಿ ಚುಚ್ಚುತ್ತಾರೆ?

ಇದಕ್ಕೂ ಹಿಂದೆ ಗುಲ್ಮ ಉಳಿಸಲು ಮಾಡಿದ ಪ್ರಯತ್ನಗಳು ದುಡ್ಡು ನುಂಗಿದ್ದೇ ಹೆಚ್ಚು. ಬರೀ ಕಾಟರಿಯಲ್ಲಿ (ವಿದ್ಯುತ್ ಶಾಖದ ಉಪಕರಣ) ಸುಟ್ಟರೆ ಕರಿಕು ಉಪಕರಣದ ತುದಿಗೆ ಅಂಟಿ ಕಿತ್ತುಬರುತ್ತಿತ್ತು, ಅದರ ಹಿಂದೆಯೇ ರಕ್ತ. ಪಿನ್ ಹೊಡೆದು ಕತ್ತರಿಸುವ ಸ್ಟೇಪ್ಲರ್ ದಪ್ಪ ಗುಲ್ಮವನ್ನು ಅಂಚಿನಲ್ಲಿ ಸೀಳುತ್ತಿತ್ತು. ಕಾರ್ಟ್ರಿಜ್ ಮೇಲೆ ಕಾರ್ಟ್ರಿಜ್ ಸೇರಿ ಬಿಲ್ ಏರುತ್ತಿತ್ತು. ರಕ್ತ ನಿಲ್ಲಿಸುವ ದುಬಾರಿ ಹಾಳೆ ಒದ್ದೆ ಜಾಗದಲ್ಲಿ ಜಾರಿಹೋಗುತ್ತಿತ್ತು. ಒಮ್ಮೆ ಮೊದಲೇ ಎಂಬೊಲೈಸೇಶನ್ (ರಕ್ತನಾಳವನ್ನು ಒಳಗಿನಿಂದಲೇ ಮುಚ್ಚುವುದು) ಮಾಡಿಸಿ ನೋಡಿದೆ: ಜ್ವರ, ನೋವು, ಎಡ ಶ್ವಾಸಕೋಶದ ಬುಡದಲ್ಲಿ ನೀರು, ಮೇಲೆ ಎರಡೆರಡು ಬಿಲ್.

ಕೊನೆಗೆ ಕೈಹಿಡಿದದ್ದು ರಕ್ತನಾಳಗಳ ಸಹಜ ಹಂಚಿಕೆಯೇ: ಒಂದೊಂದು ಕವಲು ಗುಲ್ಮದ ಒಂದೊಂದು ಭಾಗಕ್ಕೆ ರಕ್ತ ಒಯ್ಯುತ್ತದೆ. ಮೇದೋಜೀರಕದ ಮೇಲಂಚಿನಲ್ಲಿ ಗುಲ್ಮದ ಮುಖ್ಯ ಅಪಧಮನಿಯನ್ನು ಬಿಡಿಸಿ ಬುಲ್‌ಡಾಗ್ ಕ್ಲಾಂಪ್ (ರಕ್ತನಾಳ ಹಿಡಿಯುವ ಚಿಕ್ಕ ಚಿಮುಟ) ಸಿದ್ಧವಾಗಿಟ್ಟೆ, ಬಿಗಿಯಲಿಲ್ಲ. ಕೆಳತುದಿಗೆ ಹೋಗುವ ಕವಲುಗಳನ್ನಷ್ಟೇ ಒಂದೊಂದಾಗಿ ಕಟ್ಟಿ, ಕೈಕಟ್ಟಿ ನಿಂತೆ. ಕೆನ್ನೇರಳೆ ಮೈಯ ಮೇಲೆ ಕಪ್ಪು ನಿಧಾನವಾಗಿ ಹರಡಿ ಒಂದು ಕಡೆ ಗಕ್ಕನೆ ನಿಂತಿತು. ಆ ಗೆರೆಯಿಂದ ಸುಮಾರು ಒಂದು ಸೆಂಟಿಮೀಟರ್ ಸತ್ತ ಭಾಗದೊಳಗೇ ಕತ್ತರಿಸಬೇಕು. ಬದುಕಿರುವ ಕಡೆಗೆ ಜರುಗಿದರೆ ಕೆಲಸ ಕೆಟ್ಟಿತು. ಕತ್ತರಿಸುವಾಗ ಮಾತ್ರ ಕ್ಲಾಂಪ್ ಬಿಗಿದೆ, ಕಾಲು ಗಂಟೆಯೊಳಗೆ ಬಿಟ್ಟೆ. ರಕ್ತ ಹೋದದ್ದು ನೂರೈವತ್ತು ಮಿಲಿಲೀಟರ್ ಇದ್ದೀತು, ರಕ್ತದ ಬಾಟಲಿ ಏರಿಸಲಿಲ್ಲ. ಕ್ಲಾಂಪ್ ತೊಳೆದು ಸ್ಟೆರಿಲೈಸ್ ಮಾಡಿದರೆ ಮತ್ತೆ ಬಳಕೆಗೆ ಸಿದ್ಧ. ಕವಲುಗಳು ಹೆಣೆದುಕೊಂಡಿರುವಾಗ ಯಾವುದನ್ನು ಮೊದಲು ಹಿಡಿಯುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಆಪರೇಷನ್ ಥಿಯೇಟರಿಗೆ ಬಂದು ನೋಡಿ.

ಮಧ್ಯೆ ಕುತೂಹಲಕ್ಕೆ ರಕ್ತ ಹರಿಯುವ ಜಾಗವನ್ನು ವಿಶೇಷ ಕ್ಯಾಮೆರಾದಲ್ಲಿ ಹೊಳೆಯಿಸುವ ಹಸಿರು ಬಣ್ಣದ ಐಸಿಜಿ ಚುಚ್ಚಿಯೂ ನೋಡಿದ್ದುಂಟು. ಪರದೆಯ ಮೇಲೆ ಚೆಂದವೇ ಚೆಂದ, ಆದರೆ ತೋರಿಸಿದ್ದು ಬರಿಗಣ್ಣಿಗೆ ಕಂಡ ಗೆರೆಯನ್ನೇ.

ಉಳಿದ ಗುಲ್ಮ ತಿರುಚಿಕೊಳ್ಳದಂತೆ ಮೇಲಿನ ಬಂಧಗಳನ್ನು ಬಿಡಿಸದೆ ಇರಿಸಿದ್ದೆ. ಸೋಂಕಿನಿಂದ ಕಾಯಲು ಗುಲ್ಮದ ಕಾಲು ಭಾಗವಾದರೂ ಉಳಿದರೆ ಸಾಕು ಎನ್ನುತ್ತಾರೆ, ನನ್ನಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿಯಿತು. ಪೂರ್ತಿ ತೆಗೆಯಬೇಕಾಗಿ ಬಂದರೆ ಇರಲಿ ಎಂದು ಲಸಿಕೆಗಳನ್ನು ಎರಡು ವಾರ ಮೊದಲೇ ಹಾಕಿಸಿದ್ದೆ. ಪೆಥಾಲಜಿ ವರದಿ ಕ್ಯಾವರ್ನಸ್ (ಅಗಲ ರಕ್ತಕುಹರಗಳ) ಹೆಮಾಂಜಿಯೋಮಾ ಎಂದಿತು. ಕೆಲವು ತಿಂಗಳ ನಂತರದ ರಕ್ತಲೇಪನದಲ್ಲಿ ಹೋವೆಲ್-ಜಾಲಿ ಕಣಗಳು, ಅಂದರೆ ಗುಲ್ಮ ಕೆಲಸ ಮಾಡದಿದ್ದಾಗ ಕೆಂಪು ರಕ್ತಕಣಗಳಲ್ಲಿ ಉಳಿಯುವ ಚುಕ್ಕೆಗಳು, ಕಾಣಲಿಲ್ಲ. ಗಡ್ಡೆ ಹೈಲಮ್‌ಗೇ (ರಕ್ತನಾಳಗಳು ಗುಲ್ಮವನ್ನು ಸೇರುವ ಜಾಗ) ಅಂಟಿದ್ದರೆ ಅಥವಾ ಗುಲ್ಮದ ತುಂಬ ಹರಡಿದ್ದರೆ ನಾನೂ ಪೂರ್ತಿಯೇ ತೆಗೆಯುತ್ತೇನೆ.