ಆರೈಕೆ ಕೇಂದ್ರದಲ್ಲಿ ಬೆಡ್ ಸೋರ್ ಆದರೆ: ಯಾವ ದಾಖಲೆ ಹಿಡಿಯಬೇಕು, ಎಲ್ಲಿ ದೂರು ಕೊಡಬೇಕು

‘ಹಾಸಿಗೆ ಹಿಡಿದವರಿಗೆ ಬೆಡ್ ಸೋರ್ ಆಗೋದೇ, ಈ ವಯಸ್ಸಲ್ಲಿ ಏನು ಮಾಡೋಕಾಗುತ್ತೆ?’ ಬೆಂಗಳೂರಿನ ಯಾವುದೇ ಆರೈಕೆ ಕೇಂದ್ರದಲ್ಲಿ ಪ್ರಶ್ನೆ ಎತ್ತಿದರೂ ಮೊದಲು ಬರುವ ಉತ್ತರ ಇದು. ಇದು ಅರ್ಧ ನಿಜ. ಮಧುಮೇಹ, ಅಪೌಷ್ಟಿಕತೆ, ರಕ್ತಸಂಚಾರದ ತೊಂದರೆ ಇದ್ದವರಿಗೆ ಎಷ್ಟು ಚೆನ್ನಾಗಿ ನೋಡಿಕೊಂಡರೂ ಕೆಲವೊಮ್ಮೆ ಹಾಸಿಗೆ ಹುಣ್ಣು ಆಗುತ್ತದೆ. ಆದ್ದರಿಂದ ಹುಣ್ಣನ್ನಷ್ಟೇ ತೋರಿಸಿ ಕೇಸು ಗೆಲ್ಲಲು ಆಗುವುದಿಲ್ಲ. ಮಾಡಬೇಕಾದ ಆರೈಕೆ ಮಾಡಲಿಲ್ಲ ಎಂಬುದನ್ನು ತೋರಿಸಬೇಕು. ಅದಕ್ಕೆ ಬೇಕಾದ ಕಾಗದಪತ್ರಗಳೆಲ್ಲ ಕೇಂದ್ರದವರ ಕಪಾಟಿನಲ್ಲೇ ಇರುತ್ತವೆ. ಅವು ನಿಮ್ಮ ಕೈಗೆ ಬರುವ ಮೊದಲೇ ಜಗಳ ಆಡಿದರೆ ಮುಂದೆ ಸಿಗುವುದು ಹೊಸದಾಗಿ ಬರೆದ ರಿಜಿಸ್ಟರ್.

ಮೊದಲು ಆಸ್ಪತ್ರೆ

ಬೆನ್ನಿನ ಕೆಳತುದಿ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಈ ಜಾಗಗಳನ್ನು ನೀವೇ ಬಟ್ಟೆ ಸರಿಸಿ ನೋಡಿ. ನಮ್ಮ ಮೈಬಣ್ಣದಲ್ಲಿ ಮೊದಲ ಹಂತದ ಕೆಂಪು ಎದ್ದು ಕಾಣುವುದಿಲ್ಲ. ಆ ಜಾಗ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿ, ಗಟ್ಟಿಯಾಗಿ ಅಥವಾ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಚರ್ಮ ಕಿತ್ತಿದ್ದರೆ 2ನೇ ಹಂತ, ಒಳಗಿನ ಕೊಬ್ಬು ಕಂಡರೆ 3, ಸ್ನಾಯು ಅಥವಾ ಮೂಳೆ ಕಂಡರೆ 4. ಕೀವು, ಕೆಟ್ಟ ವಾಸನೆ, ಜ್ವರ, ಮಂಪರು ಇದ್ದರೆ ಅದೇ ದಿನ ಆಸ್ಪತ್ರೆಗೆ ಸೇರಿಸಿ. ನಂಜು ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯ.

ಎಮರ್ಜೆನ್ಸಿಯಲ್ಲಿ ಡಾಕ್ಟರ ಬಳಿ ಈ ಕೆಲಸಗಳನ್ನು ಕೇಳಿ ಮಾಡಿಸಿಕೊಳ್ಳಿ. ಹುಣ್ಣಿನ ಉದ್ದ, ಅಗಲ, ಆಳವನ್ನು ಸೆಂಟಿಮೀಟರಿನಲ್ಲಿ ಅಳೆದು, ಹಂತವನ್ನೂ ಹಾಕಿ, ‘ದಾಖಲಾಗುವಾಗಲೇ ಇತ್ತು’ ಎಂದು ಕೇಸ್ ಶೀಟಿನಲ್ಲಿ ಬರೆಯಬೇಕು. ಯಾವ ಕೇಂದ್ರದಿಂದ ಕರೆತಂದಿದ್ದೀರಿ ಎಂಬುದೂ ಅದರಲ್ಲಿರಬೇಕು. ನಿರ್ಲಕ್ಷ್ಯದ ಅನುಮಾನವಿದ್ದರೆ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಮಾಡಿ ಎಂದು ಕೇಳಿ. ಆಗ ಆಸ್ಪತ್ರೆಯಿಂದಲೇ ಪೊಲೀಸರಿಗೆ ಮಾಹಿತಿ ಹೋಗುತ್ತದೆ. ಕೀವಿನ ಕಲ್ಚರ್, ರಕ್ತದ ಅಲ್ಬುಮಿನ್, ಸಕ್ಕರೆ ಪ್ರಮಾಣದ ವರದಿಗಳನ್ನೂ ಇಟ್ಟುಕೊಳ್ಳಿ. ಊಟ, ನೀರು ಸರಿಯಾಗಿ ಸಿಗುತ್ತಿತ್ತೇ ಎಂಬ ಪ್ರಶ್ನೆ ಬಂದಾಗ ಇವು ಬೇಕಾಗುತ್ತವೆ.

ರೋಗಿ ತೀರಿಕೊಂಡರೆ ಮರಣೋತ್ತರ ಪರೀಕ್ಷೆ ಬೇಡವೆನ್ನಲು ಮನೆಯವರಿಗೆ ಸಾವಿರ ಕಾರಣ ಇರುತ್ತವೆ, ಅರ್ಥವಾಗುತ್ತದೆ. ಆದರೆ ಅದಿಲ್ಲದೆ ಹುಣ್ಣಿನ ನಂಜಿನಿಂದಲೇ ಸಾವಾಯಿತು ಎಂದು ಮುಂದೆ ಸಾಧಿಸುವುದು ಬಹಳ ಕಷ್ಟ. ಏನಿಲ್ಲವೆಂದರೂ ಸಾವಿನ ಕಾರಣದ ಪ್ರಮಾಣಪತ್ರದಲ್ಲಿ ಮತ್ತು ಡೆತ್ ಸಮರಿಯಲ್ಲಿ ಹುಣ್ಣಿನ ಉಲ್ಲೇಖ ಇದೆಯೇ ಎಂದು ಓದಿ ನೋಡಿ.

ಏನು ಮಾಡಬೇಕಿತ್ತು, ಏನು ಮಾಡಲಿಲ್ಲ

ಸ್ವತಃ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಪೂರ್ತಿ ಪಕ್ಕಕ್ಕೆ ಹೊರಳಿಸುವ ಬದಲು ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸುತ್ತಾರೆ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಇಡಬೇಕು. ಡೈಪರ್ ಒದ್ದೆಯಾದ ಕೂಡಲೇ ಬದಲಿಸಬೇಕು. ಬಂದ ದಿನವೇ ಮೈಯೆಲ್ಲ ಪರೀಕ್ಷಿಸಿ ಬರೆದಿಡಬೇಕು. ಹುಣ್ಣಾಗುವ ಅಪಾಯ ಎಷ್ಟಿದೆ ಎಂದು ಅಳೆಯಲು ಬ್ರೇಡನ್ ಸ್ಕೇಲ್ ಇದೆ. 23ರಲ್ಲಿ 18 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದರೆ ವಿಶೇಷ ಗಮನ ಬೇಕು.

‘ಏರ್ ಬೆಡ್ ಹಾಕಿದ್ದೆವಲ್ಲ’ ಎಂಬುದು ಇದಕ್ಕೆ ಉತ್ತರವಲ್ಲ. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸಲೇಬೇಕು. ಕರೆಂಟ್ ಹೋದಾಗ ಪಂಪ್ ನಿಂತಿರುತ್ತದೆ, ಟ್ಯೂಬ್ ಮಂಚದ ಸಂದಿಯಲ್ಲಿ ಮಡಚಿರುತ್ತದೆ, ಮೇಲೆ ದಪ್ಪ ರಗ್ಗು ಹಾಸಿರುತ್ತಾರೆ. ಭೇಟಿಗೆ ಹೋದಾಗ ರೋಗಿಯ ಸೊಂಟದ ನೇರಕ್ಕೆ ಹಾಸಿಗೆಯ ಅಡಿಯಲ್ಲಿ ಅಂಗೈ ತೂರಿಸಿ ನೋಡಿ. ಮೂಳೆ ಕೈಗೆ ನೇರ ತಗುಲಿದರೆ ಆ ಹಾಸಿಗೆ ಕೆಲಸ ಮಾಡುತ್ತಿಲ್ಲ. ಪಂಪಿನ ದೀಪ ಮತ್ತು ಒತ್ತಡ ಹೊಂದಿಸುವ ತಿರುಗುಗುಂಡಿ ಕಾಣುವ ಹಾಗೆ ಒಂದು ಫೋಟೋ ತೆಗೆಯಿರಿ. ರಿಂಗಿನಂಥ ಟ್ಯೂಬ್ ದಿಂಬಿನ ಮೇಲೆ ಕೂರಿಸುವುದು, ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದು ಹುಣ್ಣನ್ನು ಹೆಚ್ಚಿಸುತ್ತವೆ. ಅಲ್ಲಿ ಅವನ್ನು ಮಾಡುತ್ತಿದ್ದರೆ ಅದನ್ನೂ ಗುರುತಿಸಿಕೊಳ್ಳಿ.

ಒಂದು ವಿಷಯದಲ್ಲಿ ಎಚ್ಚರ ಬೇಕು. ಆಳದಲ್ಲಿ ಆದ ಪೆಟ್ಟು ಮೇಲೆ ಕಾಣಿಸಿಕೊಳ್ಳಲು 48ರಿಂದ 72 ಗಂಟೆ ಹಿಡಿಯಬಹುದು. ಆಸ್ಪತ್ರೆಯಿಂದ ಕೇಂದ್ರಕ್ಕೆ ತಂದ ಎರಡನೇ ದಿನವೇ ನೇರಳೆ ಕಲೆ ಕಂಡರೆ ಅದರ ಮೂಲ ಆಸ್ಪತ್ರೆಯಲ್ಲೇ ಇರಬಹುದು. ಕೇಂದ್ರದ ವಕೀಲರು ಇದನ್ನು ಎತ್ತಿಯೇ ಎತ್ತುತ್ತಾರೆ. ಹೀಗಿದ್ದಾಗ ಎರಡೂ ಕಡೆಯವರನ್ನು ಎದುರುದಾರರನ್ನಾಗಿ ಮಾಡುವುದು ಸುರಕ್ಷಿತ.

ದಾಖಲೆ ಹಿಡಿಯುವುದು

ಟರ್ನಿಂಗ್ ಚಾರ್ಟ್ (ಯಾವ ಹೊತ್ತಿಗೆ ಮಗ್ಗುಲು ಬದಲಿಸಿದರು ಎಂದು ಬರೆಯುವ ಹಾಳೆ), ನರ್ಸಿಂಗ್ ನೋಟ್ಸ್, ಸೇರಿಸಿದ ದಿನದ ಫಾರಂ, ಕರಾರುಪತ್ರ, ಔಷಧಿ ಚಾರ್ಟ್, ರಾತ್ರಿಪಾಳಿಯ ಹಾಜರಿ ಪುಸ್ತಕ, ಪ್ರತಿ ತಿಂಗಳ ರಸೀದಿ, ಇವೆಲ್ಲದರ ಪ್ರತಿ ಬೇಕು. ಇವುಗಳಲ್ಲಿ ಟರ್ನಿಂಗ್ ಚಾರ್ಟನ್ನು ಹೆಚ್ಚು ಗಮನವಿಟ್ಟು ನೋಡಿ. 8, 10, 12, 2 ಎಂದು ಗಡಿಯಾರ ಹೊಡೆದಂತೆ ಸಮಯ, ಮೂರು ಪಾಳಿಗೂ ಒಂದೇ ಕೈಬರಹ, ಒಂದೇ ಪೆನ್ನಿನ ಶಾಯಿ ಇದ್ದರೆ ಕೂತಲ್ಲೇ ತುಂಬಿಸಿದ ಹಾಳೆ ಅದು. ಮಧ್ಯಾಹ್ನ ಮೂರೂವರೆಗೆ ಹೋದಾಗ ನಾಲ್ಕು ಗಂಟೆಯ ಕಾಲಂನಲ್ಲಿ ಆಗಲೇ ಸಹಿ ಬಿದ್ದಿದ್ದರೆ, ಗೋಡೆ ಗಡಿಯಾರವೂ ಸೇರುವಂತೆ ಫೋಟೋ ತೆಗೆಯಿರಿ. ಆ ಒಂದು ಚಿತ್ರ ಹತ್ತು ಪುಟದ ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಹುಣ್ಣಿನ ಫೋಟೋಗಳನ್ನು ಎರಡು ಬಗೆಯಲ್ಲಿ ತೆಗೆಯಿರಿ. ಒಂದರಲ್ಲಿ ರೋಗಿ ಯಾರೆಂದು ಗೊತ್ತಾಗಬೇಕು, ಇನ್ನೊಂದರಲ್ಲಿ ಪಕ್ಕದಲ್ಲಿ ಟೇಪ್ ಇಟ್ಟು ಹುಣ್ಣನ್ನು ಹತ್ತಿರದಿಂದ ತೋರಿಸಬೇಕು. ಮೂಲ ಫೈಲ್ ಫೋನಿನಲ್ಲೇ ಇರಲಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ತೆಗೆದ ದಿನಾಂಕ, ಸಮಯದ ವಿವರ ಉಳಿಯುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರಂತೆ ಡಿಜಿಟಲ್ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತು) ಇರುತ್ತದೆ. ಹಾಗಾಗಿ ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

ದಾಖಲೆಗಳಿಗಾಗಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಹಿ ಹಾಕಲು ಒಪ್ಪದಿದ್ದರೆ ಅದೇ ಅರ್ಜಿಯನ್ನು ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯ ಪ್ರಕಾರ ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕು. ಈ ನಿಯಮ ವೈದ್ಯರನ್ನಷ್ಟೇ ಕಟ್ಟುತ್ತದೆ. ವೈದ್ಯರಿಲ್ಲದ ಕೇಂದ್ರದವರು ಕೊಡದಿದ್ದರೆ ದಾಖಲೆ ತರಿಸುವಂತೆ ಗ್ರಾಹಕರ ಆಯೋಗಕ್ಕೇ ಅರ್ಜಿ ಹಾಕಬಹುದು. ಅದೇ ಪತ್ರದಲ್ಲಿ, ರೋಗಿ ಇದ್ದ ಕೋಣೆ ಮತ್ತು ಪಡಸಾಲೆಯ ಸಿಸಿಟಿವಿ ದೃಶ್ಯವನ್ನು ಅಳಿಸದೆ ಇಡಬೇಕೆಂದೂ ಬರೆಯಿರಿ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ದಾಖಲಾಗುತ್ತ ಹೋಗುವುದರಿಂದ ಇದನ್ನು ಮುಂದೂಡುವಂತಿಲ್ಲ.

ಪರಿಹಾರದ ಹಣಕ್ಕೆ: ಗ್ರಾಹಕರ ಆಯೋಗ

ಹೆಚ್ಚಿನವರಿಗೆ ಸರಿಯಾದ ದಾರಿ ಇದೇ. ಹಣ ಪಡೆದು ಆರೈಕೆ ಮಾಡುವುದು ಒಂದು ಸೇವೆ. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರಲ್ಲಿ ‘ನ್ಯೂನತೆ’ ಎಂದರೆ ನಿರ್ಲಕ್ಷ್ಯವೂ ಸೇರಿದೆ. ಹಣ ಪಡೆದು ಕೊಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾಯ್ದೆಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರ ವಿ.ಪಿ. ಶಾಂತಾ ಪ್ರಕರಣದಲ್ಲೇ ಹೇಳಿದೆ. ಮನೆಗೆ ಆಯಾ ಕಳಿಸುವ ಏಜೆನ್ಸಿಗೂ ಇದೇ ಕಾಯ್ದೆ ಅನ್ವಯಿಸುತ್ತದೆ. ‘ನಾವು ಜನ ಕಳಿಸೋರಷ್ಟೇ’ ಎಂದು ಅವರು ನುಣುಚಿಕೊಳ್ಳಲು ನೋಡುತ್ತಾರೆ. ಯಾರ ಹೆಸರಿಗೆ ಹಣ ಹೋಗಿದೆ, ಯಾವ ಕೆಲಸಕ್ಕೆ ಎಂದು ಬಿಲ್ಲಿನಲ್ಲಿದೆ, ಅದನ್ನು ಮುಂದಿಡಿ. ಏನೂ ಹಣ ಪಡೆಯದ ಧರ್ಮಾರ್ಥ ಆಶ್ರಮದ ಮೇಲೆ ಮಾತ್ರ ಈ ದಾರಿ ನಡೆಯುವುದಿಲ್ಲ.

ಯಾವ ಆಯೋಗ ಎಂಬುದನ್ನು ನಿರ್ಧರಿಸುವುದು ನೀವು ಕೊಟ್ಟ ಹಣ. ಕೇಳುವ ಪರಿಹಾರದ ಮೊತ್ತಕ್ಕೂ ಇದಕ್ಕೂ ಸಂಬಂಧವಿಲ್ಲ. ಕೊಟ್ಟದ್ದು 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ. ತಿಂಗಳಿಗೆ 45,000ದಂತೆ 14 ತಿಂಗಳು ಕಟ್ಟಿದ್ದರೆ 6,30,000 ಆಯಿತು. ಪರಿಹಾರ 40 ಲಕ್ಷ ಕೇಳಿದರೂ ಶುಲ್ಕ 200 ರೂಪಾಯಿ ಮಾತ್ರ, ಏಕೆಂದರೆ 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ಕೇಂದ್ರ ಇರುವ ಜಿಲ್ಲೆಯಲ್ಲೇ ಹಾಕಬೇಕೆಂದಿಲ್ಲ, ದೂರುದಾರರು ವಾಸಿಸುವ ಜಿಲ್ಲೆಯಲ್ಲೂ ಹಾಕಬಹುದು. ತಾಯಿ ಬೆಂಗಳೂರಿನ ಕೇಂದ್ರದಲ್ಲಿದ್ದು ಮಗಳು ಮೈಸೂರಿನಲ್ಲಿದ್ದರೆ ಮೈಸೂರಿನಲ್ಲೇ ಸಲ್ಲಿಸಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಸಲ್ಲಿಕೆಯೂ ಇದೆ. ವಕೀಲರು ಕಡ್ಡಾಯವಲ್ಲ, ಆದರೆ ಕಾಗದಪತ್ರ ಹೆಚ್ಚಿರುವ ಇಂಥ ಕೇಸಿಗೆ ಒಬ್ಬರಿದ್ದರೆ ಒಳ್ಳೆಯದು. ಮಹಿಳೆಯರಿಗೆ ಮತ್ತು ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಕಾಲಮಿತಿ ಎರಡು ವರ್ಷ. ಹುಣ್ಣು ಮೊದಲು ಗೊತ್ತಾದ ದಿನದಿಂದಲೇ ಎಣಿಸಿಕೊಳ್ಳಿ. ಕೇಂದ್ರದವರು ‘ಮಾತಾಡಿ ಸರಿ ಮಾಡೋಣ’ ಎನ್ನುತ್ತ ತಿಂಗಳುಗಟ್ಟಲೆ ಎಳೆಯುತ್ತಾರೆ, ಆ ಮಾತುಕತೆಯಿಂದ ಗಡುವು ಮುಂದೆ ಹೋಗುವುದಿಲ್ಲ. ವಿಳಂಬವನ್ನು ಮನ್ನಿಸುವ ಅಧಿಕಾರ ಆಯೋಗಕ್ಕಿದೆ, ಆದರೆ ಅದನ್ನು ನಂಬಿ ಕೂರಬೇಡಿ. ಲೀಗಲ್ ನೋಟಿಸ್ ಕಡ್ಡಾಯವಲ್ಲ. ಆದರೂ 15 ದಿನ ಕೊಟ್ಟು ಒಂದು ಕಳಿಸಿ, ಅವರ ಉತ್ತರದಲ್ಲಿ ಎಷ್ಟೋ ಸಲ ಬೇಕಾದ ಒಪ್ಪಿಗೆಗಳು ಸಿಗುತ್ತವೆ.

ದೂರುದಾರರು ಯಾರು ಎಂಬಲ್ಲೇ ಹಲವರು ಎಡವುತ್ತಾರೆ. ಹಣ ಕಟ್ಟಿದ ಮಗ ಅಥವಾ ಮಗಳನ್ನು ಒಂದನೇ ದೂರುದಾರರನ್ನಾಗಿಯೂ ಸೇವೆ ಪಡೆದ ರೋಗಿಯನ್ನು ಎರಡನೆಯವರನ್ನಾಗಿಯೂ ತೋರಿಸಿ. ಡಿಮೆನ್ಷಿಯಾ ಇರುವವರ ಹೆಬ್ಬೆಟ್ಟು ಒತ್ತಿಸಿ ಪವರ್ ಆಫ್ ಅಟಾರ್ನಿ ಮಾಡಿಸಬೇಡಿ, ತಿಳಿವಳಿಕೆ ಇಲ್ಲದವರು ಕೊಟ್ಟ ಅಧಿಕಾರಪತ್ರ ನಿಲ್ಲುವುದಿಲ್ಲ. ರೋಗಿ ತೀರಿಕೊಂಡಿದ್ದರೆ ವಾರಸುದಾರರು ದೂರು ಕೊಡಬಹುದು. ವಿದೇಶದಲ್ಲಿರುವ ಮಕ್ಕಳು ಇಲ್ಲಿನವರಿಗೆ ಅಧಿಕಾರಪತ್ರ ಕಳಿಸುವುದಾದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ದೂರನ್ನು ದಿನಾಂಕಗಳ ಕ್ರಮದಲ್ಲಿ ಬರೆಯಿರಿ: ಸೇರಿಸಿದ ದಿನ ಚರ್ಮ ಹೇಗಿತ್ತು, ಮೊದಲು ಕಲೆ ಕಂಡಿದ್ದು ಯಾವಾಗ, ಯಾರಿಗೆ ಹೇಳಿದಿರಿ, ಅವರು ಏನು ಮಾಡಿದರು, ಆಸ್ಪತ್ರೆಗೆ ಬಂದಾಗ ಅಳತೆ ಎಷ್ಟು. ಬೈಗುಳ ಬೇಡ. ಕೇಳುವ ಮೊತ್ತವನ್ನು ಬಿಡಿಸಿ ತೋರಿಸಿ: ಆಸ್ಪತ್ರೆ ಬಿಲ್, ಡ್ರೆಸ್ಸಿಂಗ್, ಶಸ್ತ್ರಚಿಕಿತ್ಸೆ, ಮುಂದೆ ಬೇಕಾಗುವ ಆರೈಕೆ, ಸೇವೆ ಸಿಗದ ತಿಂಗಳುಗಳ ಶುಲ್ಕ ವಾಪಸ್, ನೋವು ಮತ್ತು ಮಾನಸಿಕ ಯಾತನೆ, ವ್ಯಾಜ್ಯದ ಖರ್ಚು, ಬಡ್ಡಿ. ಕರಾರಿನಲ್ಲಿ ‘ಬೆಡ್ ಸೋರ್‌ಗೆ ಆಡಳಿತ ಮಂಡಳಿ ಹೊಣೆಯಲ್ಲ’ ಎಂದು ಅಚ್ಚು ಹಾಕಿದ್ದರೂ ಹೆದರಬೇಡಿ, ಆ ಸಾಲು ನಿರ್ಲಕ್ಷ್ಯದ ದೂರನ್ನು ತಡೆಯುವುದಿಲ್ಲ.

ತಜ್ಞರ ಅಭಿಪ್ರಾಯ ಎಲ್ಲ ಕೇಸಿಗೂ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ವಿ. ಕಿಶನ್ ರಾವ್ ಪ್ರಕರಣದಲ್ಲಿ ಹೇಳಿದೆ. ಆದರೂ ಹುಣ್ಣಿಗೆ ಚಿಕಿತ್ಸೆ ಕೊಟ್ಟ ಸರ್ಜನ್ ಬಳಿ ‘ಇದು ಎಷ್ಟು ದಿನದ ಒತ್ತಡದಿಂದ ಆಗಿರಬಹುದು’ ಎಂಬುದಕ್ಕೆ ಒಂದು ಪತ್ರ ಪಡೆಯಿರಿ. ನೋಟಿಸ್ ತಲುಪಿದ ಮೇಲೆ ಎದುರುದಾರರು 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನ ಸೇರಿಸಿ ಉತ್ತರ ಕೊಡಬೇಕು. ಕಾನೂನಿನಲ್ಲಿ ತೀರ್ಪಿಗೆ ಮೂರರಿಂದ ಐದು ತಿಂಗಳು ಎಂದಿದೆ, ನಡೆಯುವಾಗ ಅದಕ್ಕಿಂತ ಎಷ್ಟೋ ಹೆಚ್ಚು ಹಿಡಿಯುತ್ತದೆ.

ಪೊಲೀಸ್ ದೂರು ಯಾವಾಗ

ಸಾವು ಸಂಭವಿಸಿದ್ದರೆ, ಮೂಳೆ ಕಾಣುವಷ್ಟು ಹುಣ್ಣಾಗಿದ್ದರೆ, ಅಥವಾ ಒಂದೇ ಕೇಂದ್ರದಲ್ಲಿ ಹಲವರಿಗೆ ಹೀಗಾಗಿದ್ದರೆ ಪೊಲೀಸ್ ದಾರಿ ಹಿಡಿಯಬೇಕು. ಭಾರತೀಯ ನ್ಯಾಯ ಸಂಹಿತೆಯ ಕಲಂ 106(1) ನಿರ್ಲಕ್ಷ್ಯದಿಂದಾದ ಸಾವಿಗೆ, ಐದು ವರ್ಷದವರೆಗೆ ಶಿಕ್ಷೆ. 125(ಬಿ) ನಿರ್ಲಕ್ಷ್ಯದಿಂದಾದ ತೀವ್ರ ಗಾಯಕ್ಕೆ, ಮೂರು ವರ್ಷದವರೆಗೆ. ಹದಿನೈದು ದಿನ ತೀವ್ರ ನೋವು ಅನುಭವಿಸಿದ್ದರೂ ಅದು ತೀವ್ರ ಗಾಯವೇ. ಕಲಂ 357 ಹೆಚ್ಚು ಜನರಿಗೆ ಗೊತ್ತಿಲ್ಲ: ಅಸಹಾಯಕರನ್ನು ನೋಡಿಕೊಳ್ಳುವ ಕರಾರು ಮಾಡಿಕೊಂಡು ಬೇಕೆಂದೇ ನೋಡಿಕೊಳ್ಳದಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದಕ್ಕೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವುದಿಲ್ಲ, ಒಂದು ವರ್ಷದೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು.

ಠಾಣೆಯಲ್ಲಿ ‘ಇದು ಮೆಡಿಕಲ್ ವಿಷಯ, ಡಾಕ್ಟರ್ ವರದಿ ತನ್ನಿ’ ಎನ್ನಬಹುದು. 2005ರ ಜೇಕಬ್ ಮ್ಯಾಥ್ಯೂ ತೀರ್ಪು ವೈದ್ಯರಿಗೆ ಆ ರಕ್ಷಣೆ ಕೊಟ್ಟಿದೆ ನಿಜ. ಆದರೆ ಮಗ್ಗುಲು ಬದಲಿಸದ ಅಟೆಂಡರ್, ರಾತ್ರಿ ಜನ ಹಾಕದ ಆಡಳಿತದವರು ವೈದ್ಯರಲ್ಲ ಎಂಬುದನ್ನು ದೂರಿನಲ್ಲೇ ಸ್ಪಷ್ಟವಾಗಿ ಬರೆಯಿರಿ. ದೂರು ತೆಗೆದುಕೊಳ್ಳದಿದ್ದರೆ ಹಿಂಬರಹ (ಠಾಣೆಯ ಲಿಖಿತ ಉತ್ತರ) ಕೇಳಿ, ಅದೇ ದೂರನ್ನು ಡಿಸಿಪಿಗೆ ಅಂಚೆಯಲ್ಲಿ ಕಳಿಸಿ, ಆಮೇಲೆ ಮ್ಯಾಜಿಸ್ಟ್ರೇಟ್ ಬಳಿ ಹೋಗಿ. ಕ್ರಿಮಿನಲ್ ಕೇಸು ಮುಗಿಯಲಿ ಎಂದು ಗ್ರಾಹಕ ದೂರನ್ನು ತಡೆಹಿಡಿಯಬೇಡಿ, ಎರಡೂ ಒಟ್ಟಿಗೆ ನಡೆಯಬಹುದು.

ಪರವಾನಗಿ, ತಪಾಸಣೆ

ಕೇಂದ್ರ ನರ್ಸಿಂಗ್ ಹೋಂ ಆಗಿದ್ದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಇರಬೇಕು. ದೂರನ್ನು ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಕೊಡಿ. ವೈದ್ಯರ ಮೇಲಿನ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಹೋಗುತ್ತದೆ. ಬರೀ ವೃದ್ಧಾಶ್ರಮವಾದರೆ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಬರೆಯಿರಿ. ಇವರಿಂದ ನಿಮಗೆ ಹಣ ಸಿಗುವುದಿಲ್ಲ, ಆದರೆ ತಪಾಸಣೆಯ ವರದಿ ಆಯೋಗದ ಮುಂದೆ ಸಾಕ್ಷ್ಯವಾಗುತ್ತದೆ. ಉಪವಿಭಾಗಾಧಿಕಾರಿಯವರ ಹಿರಿಯ ನಾಗರಿಕರ ನ್ಯಾಯಮಂಡಳಿಗೆ ಹೋಗಿ ಸಮಯ ಕಳೆಯಬೇಡಿ. ಅದು ಮಕ್ಕಳಿಂದ ಮತ್ತು ಸಂಬಂಧಿಕರಿಂದ ಜೀವನಾಂಶ ಕೊಡಿಸುವ ಜಾಗ. ಹಿರಿಯರು ಇನ್ನೂ ಆ ಕೇಂದ್ರದೊಳಗೇ ಇದ್ದು ಒಳಗೆ ಬಿಡುತ್ತಿಲ್ಲವೆಂದರೆ ಹಿರಿಯರ ಸಹಾಯವಾಣಿ 1090 ಅಥವಾ 14567ಕ್ಕೆ, ತುರ್ತಾದರೆ 112ಕ್ಕೆ ಕರೆ ಮಾಡಿ.

ಆಯೋಗದ ಆದೇಶ ಬಂದ ಮೇಲೆ ಎದುರುದಾರರಿಗೆ ಮೇಲ್ಮನವಿಗೆ 45 ದಿನ ಇದೆ, ಅದಕ್ಕೆ ಅವರು ಆದೇಶದ ಅರ್ಧ ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯನ್ನೂ ಹಾಕದೆ, ಹಣವನ್ನೂ ಕೊಡದೆ ಕೂತರೆ ಅದೇ ಆಯೋಗದಲ್ಲಿ ಕಲಂ 71ರಡಿ ಜಾರಿ ಅರ್ಜಿ ಮತ್ತು ಕಲಂ 72ರಡಿ ಶಿಕ್ಷೆಯ ಅರ್ಜಿ ಎರಡನ್ನೂ ಹಾಕಿ. 72ರಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಅಥವಾ 25,000ಕ್ಕೆ ಕಡಿಮೆಯಿಲ್ಲದ ದಂಡ ಇರುವುದರಿಂದ ಬಾಕಿ ಹಣ ಹೆಚ್ಚಾಗಿ ಈ ಹಂತದಲ್ಲಿ ಬರುತ್ತದೆ.