ಭಾಗದ ಅಂಕಿಯನ್ನು ಕೈಬಿಟ್ಟ ಮೇಲೆ: ಅಡಿಕೆ ಕೃಷಿಯ ಪುಸ್ತಕಮಾಲೆಯನ್ನು ನಾನೇ ಪ್ರಕಟಿಸಿದ ಅನುಭವ

ಶಿರಸಿ ಸೀಮೆಯಲ್ಲಿರುವ ನಮ್ಮ ಅಡಿಕೆ ತೋಟದ ಬಗ್ಗೆ ಮಾಸ್ತರಿಕೆಯ ದಿನಗಳಿಂದಲೂ ಬರೆದಿಟ್ಟಿದ್ದ ಟಿಪ್ಪಣಿಗಳನ್ನು ನಿವೃತ್ತಿಯ ನಂತರ ಒಂದೆಡೆ ಸೇರಿಸಿದಾಗ ನಾನೂರು ಪುಟ ಮೀರಿದ ಹಸ್ತಪ್ರತಿಯಾಯಿತು. ಅಷ್ಟು ದಪ್ಪದ ಪುಸ್ತಕವನ್ನು ಯಾರೂ ತೋಟಕ್ಕೆ ಒಯ್ಯುವುದಿಲ್ಲ, ಮಳೆಗಾಲದಲ್ಲಿ ಕಾಯಿಗಳನ್ನು ಕೊಳೆಸುವ ಕೊಳೆರೋಗ ಕಾಣಿಸಿಕೊಂಡ ದಿನ ಅದರಲ್ಲಿ ಬೇಕಾದ ಪುಟವನ್ನು ಹುಡುಕುವ ವ್ಯವಧಾನವೂ ಯಾರಿಗೂ ಇರುವುದಿಲ್ಲ. ಆದ್ದರಿಂದ ಚಿಕ್ಕ ಪುಸ್ತಕಗಳ ಮಾಲೆಯನ್ನು ಸ್ವಂತ ಖರ್ಚಿನಲ್ಲಿ ತರಲು ನಿರ್ಧರಿಸಿದೆ. ಹಸ್ತಪ್ರತಿಯನ್ನು ಐದು ಪಾಲು ಮಾಡಿದರೆ ಮಾಲೆಯಾಗುತ್ತದೆ ಎಂಬ ನನ್ನ ಎಣಿಕೆ ತಪ್ಪಾಗಿತ್ತು. ಎರಡು ಪುಸ್ತಕಗಳು ಅಚ್ಚಾದ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಬೇಕಾಯಿತು.

ಮೊದಲ ಜೋಡಣೆ ಪಠ್ಯಪುಸ್ತಕದ ಕ್ರಮದಲ್ಲಿತ್ತು. ಮಣ್ಣು, ಸಸಿ, ಗೊಬ್ಬರ ಮತ್ತು ನೀರು, ರೋಗ ಮತ್ತು ಕೀಟ, ಕೊನೆಗೆ ಕೊಯ್ಲು. ಮುಖಪುಟದಲ್ಲಿ ‘ಅಡಿಕೆ ಕೃಷಿ ಮಾರ್ಗದರ್ಶಿ’ ಎಂಬ ಹೆಸರು ದೊಡ್ಡದಾಗಿ, ಅದರ ಕೆಳಗೆ ‘ಭಾಗ 1’, ‘ಭಾಗ 2’ ಎಂದು ಅಂಕಿ. ಕೃಷಿ ಪ್ರದರ್ಶನವೊಂದರಲ್ಲಿ ಪುಸ್ತಕಗಳನ್ನು ಇಟ್ಟುಕೊಂಡು ಕುಳಿತಿದ್ದಾಗ ಬಂದವರು ಎರಡನೆಯದನ್ನು ತಿರುವಿ ನೋಡಿ, “ಒಂದನೇ ಭಾಗ ಓದದೆ ಇದು ತಿಳೀತದಾ ಮಾಸ್ತರ್ರೇ?” ಎಂದು ಕೇಳಿ ಕೆಳಗಿಡುತ್ತಿದ್ದರು. ಸಸಿಮಡಿ ಮಾಡುವವನಿಗೆ ಮಣ್ಣಿನ ಪುಸ್ತಕವನ್ನು ಓದಲೇಬೇಕಾದ ಅಗತ್ಯವಿರಲಿಲ್ಲ. ಆದರೆ ‘ಭಾಗ’ ಎಂಬ ಪದವು ಕೈಯಲ್ಲಿರುವುದು ಅಪೂರ್ಣವೆಂದು ಮುಖಪುಟದಲ್ಲೇ ಸಾರುತ್ತಿತ್ತು. ಕಥೆ ಮುಂದುವರಿಯುವ ಕಾದಂಬರಿಗೆ ಭಾಗದ ಅಂಕಿ ಬೇಕು, ಬಿಡಿಬಿಡಿಯಾಗಿ ಬಳಕೆಯಾಗುವ ಕೈಪಿಡಿಗೆ ಅದು ಅಡ್ಡಿ ಎಂಬುದು ನನಗೆ ಆಗ ಮನವರಿಕೆಯಾಯಿತು.

ಇನ್ನೊಂದು ದೋಷ ಒಳಗೇ ಇತ್ತು. ಬಸಿಗಾಲುವೆಯ ವಿಷಯ ಮಣ್ಣಿನ ಪುಸ್ತಕದಲ್ಲಿತ್ತು, ಕೊಳೆರೋಗದ್ದು ನಾಲ್ಕನೆಯದರಲ್ಲಿ ಬರಬೇಕಿತ್ತು. ತೋಟದಲ್ಲಿ ಇವೆರಡೂ ಮಳೆಗಾಲದ ಒಂದೇ ಸಿದ್ಧತೆಯ ಕೆಲಸಗಳು. ಹಾಗಾಗಿ ಒಂದೊಂದು ಅಧ್ಯಾಯದ ಹೆಸರನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಜಗುಲಿಯ ಮೇಲೆ ಹರಡಿ, ‘ಇದು ಯಾವ ಶಾಸ್ತ್ರಕ್ಕೆ ಸೇರಿದ್ದು’ ಎಂಬ ಪ್ರಶ್ನೆಯನ್ನು ಬಿಟ್ಟು ‘ಇದನ್ನು ಯಾವ ತಿಂಗಳಲ್ಲಿ ಯಾರು ಹುಡುಕುತ್ತಾರೆ’ ಎಂದು ಕೇಳಿಕೊಳ್ಳುತ್ತಾ ಗುಂಪು ಮಾಡಿದೆ. ಮಳೆಗಾಲಕ್ಕೆ ಮೊದಲು ಒಮ್ಮೆ, ಮತ್ತೆ 40ರಿಂದ 45 ದಿನಗಳ ಅಂತರದಲ್ಲಿ ಇನ್ನೊಮ್ಮೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವವನಿಗೆ ಬೇಕಾದದ್ದೆಲ್ಲ ಒಂದೇ ಪುಸ್ತಕಕ್ಕೆ ಬಂತು. ಕೊಯ್ಲಿನ ಪುಸ್ತಕವನ್ನು ಹಸಿ ಕಾಯಿಯನ್ನು ಬೇಯಿಸಿ ಮಾಡುವ ಕೆಂಪಡಿಕೆಗೊಂದು, ಹಣ್ಣಾದ ಮೇಲೆ ಒಣಗಿಸುವ ಚಾಲಿಗೊಂದು ಎಂದು ಒಡೆಯಬೇಕೆಂದು ಕೆಲವು ಸ್ನೇಹಿತರು ಹೇಳಿದರೂ ನಾನು ಒಪ್ಪಲಿಲ್ಲ. ಎಷ್ಟು ಅಡಿಕೆ ಗೊನೆಗಳನ್ನು ಹಸಿಯಲ್ಲೇ ಕೊಯ್ದು ಸುಲಿದು ಬೇಯಿಸುವುದು, ಎಷ್ಟನ್ನು ಹಣ್ಣಾಗಲು ಬಿಡುವುದು ಎಂಬುದೇ ಬೆಳೆಗಾರನು ಆ ಕಾಲದಲ್ಲಿ ತೀರ್ಮಾನಿಸಬೇಕಾದ ಪ್ರಶ್ನೆಯಾದ್ದರಿಂದ ಅವೆರಡೂ ಒಟ್ಟಿಗೇ ಇರಬೇಕು.

ಪುನರುಕ್ತಿಯ ಬಗ್ಗೆ ಬಹಳ ಯೋಚಿಸಿದೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು ಎಂಬ ಅಳತೆಯೂ ತಯಾರಿಸುವ ಕ್ರಮವೂ ಅಡಿಕೆಯ ಕೊಳೆಗೆ ಬೇಕು, ಅಡಿಕೆ ಮರಕ್ಕೆ ಹಬ್ಬಿಸುವ ಕಾಳುಮೆಣಸಿನ ಸೊರಗು ರೋಗಕ್ಕೂ ಬೇಕು. ‘ಇನ್ನೊಂದು ಪುಸ್ತಕ ನೋಡಿ’ ಎಂದು ಬರೆದರೆ ಒಂದು ಪುಟ ಉಳಿಯುತ್ತದೆ, ಆದರೆ ಆ ಪುಸ್ತಕ ಮನೆಯಲ್ಲಿಲ್ಲದವನ ಕೆಲಸ ನಿಲ್ಲುತ್ತದೆ. ಆ ಪುಟವನ್ನು ಎರಡರಲ್ಲೂ ಅಕ್ಷರಶಃ ಒಂದೇ ರೀತಿ ಮುದ್ರಿಸಿದೆ, ಒಂದರಲ್ಲಿ ತಿದ್ದಿದರೆ ಇನ್ನೊಂದರಲ್ಲೂ ತಿದ್ದಬೇಕೆಂದು ಕರಡಿನ ಅಂಚಿನಲ್ಲಿ ಗುರುತು ಹಾಕಿಟ್ಟುಕೊಂಡಿದ್ದೇನೆ.

ಶೀರ್ಷಿಕೆಗಳಿಗೇ ಹೆಚ್ಚಿನ ಸಮಯ ಹಿಡಿಯಿತು. ರೋಗದ ಪುಸ್ತಕಕ್ಕೆ ಮೊದಲು ‘ಅಡಿಕೆಯ ಸಸ್ಯಸಂರಕ್ಷಣೆ’ ಎಂದು ಬರೆದಿದ್ದೆ. ನಮ್ಮ ಊರಿನಲ್ಲಿ ಯಾರೂ “ನಮ್ಮ ತೋಟಕ್ಕೆ ಸಸ್ಯಸಂರಕ್ಷಣೆ ಬೇಕಾಗಿದೆ” ಎನ್ನುವುದಿಲ್ಲ, “ಕೊಳೆ ಬಂದಿದೆ” ಎನ್ನುತ್ತಾರೆ. ಶೀರ್ಷಿಕೆ ‘ಕೊಳೆ’ ಎಂದಷ್ಟೇ ಆಯಿತು. ಆದರೆ ಆ ಒಂದೇ ಪದವನ್ನು ಗ್ರಂಥಾಲಯದ ಪಟ್ಟಿಯಲ್ಲಿ ಕಂಡವರಿಗೆ ಏನೂ ಹೊಳೆಯದು, ಅಲ್ಲದೆ ಇದೇ ರೋಗವನ್ನು ಮಹಾಳಿ ಎಂದು ಕರೆಯುವವರೂ ಇದ್ದಾರೆ. ಹಾಗಾಗಿ ‘ಅಡಿಕೆಯ ಕೊಳೆರೋಗ ಅಥವಾ ಮಹಾಳಿ: ಮಳೆಗಾಲದ ಸಿದ್ಧತೆ ಮತ್ತು ಹತೋಟಿ’ ಎಂಬ ಉಪಶೀರ್ಷಿಕೆ ಕೊಟ್ಟೆ. ಉಳಿದ ಪುಸ್ತಕಗಳಿಗೂ ಇದೇ ಕ್ರಮವನ್ನು ಅನುಸರಿಸಿದೆ. ಶೀರ್ಷಿಕೆ ಬಾಯಿಮಾತಿನ ಪದ, ಉಪಶೀರ್ಷಿಕೆ ಪೂರ್ಣ ವಿವರಣೆ. ಅಡಿಕೆಯೋ ಅಡಕೆಯೋ ಎಂಬ ಪ್ರಶ್ನೆಯೂ ಸಣ್ಣದಾಗಿರಲಿಲ್ಲ. ಎರಡೂ ರೂಪಗಳು ಬಳಕೆಯಲ್ಲಿವೆ, ಮಾಲೆಯೊಳಗೆ ಎರಡೂ ಬೆರೆತರೆ ಹುಡುಕುವವನಿಗೆ ಅರ್ಧ ಪುಸ್ತಕಗಳಷ್ಟೇ ಸಿಗುತ್ತವೆ. ಎಲ್ಲ ಕಡೆಯೂ ‘ಅಡಿಕೆ’ ಎಂದೇ ಇಟ್ಟು, ಹಕ್ಕುಪುಟದ ಇಂಗ್ಲಿಷ್ ಸಾಲಿನಲ್ಲೂ ಅದರ ಒಂದೇ ಕಾಗುಣಿತವನ್ನು ಬಳಸಿದೆ.

ಇಡೀ ಮಾಲೆಗೆ ‘ಹಸುರು ಹೊನ್ನು’ ಎಂಬ ಹೆಸರು ಚೆನ್ನಾಗಿರುತ್ತದೆ ಎಂದು ಒಬ್ಬರು ಸೂಚಿಸಿದರು. ಅದು ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರಿಗೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ತಂದ ಕೃತಿಯ ಹೆಸರು. ಬರಿಯ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲವೆಂದು ಸುಪ್ರೀಂ ಕೋರ್ಟು 2015ರಲ್ಲಿ ಚಲನಚಿತ್ರವೊಂದರ ಪ್ರಕರಣದಲ್ಲಿ ಹೇಳಿದೆ. ಕಾನೂನು ಬಿಟ್ಟರೂ ಓದುಗನ ಮನಸ್ಸಿನಲ್ಲಿ ನೆಲೆಸಿರುವ ಹೆಸರನ್ನು ಇನ್ನೊಂದು ಪುಸ್ತಕಕ್ಕೆ ಇಡುವುದು ನನಗೆ ಸರಿಕಾಣಲಿಲ್ಲ. ‘ತೋಟದ ಹೊತ್ತಗೆ’ ಎಂಬ ಸರಳ ಹೆಸರನ್ನು ಆರಿಸಿ, ಮುಖಪುಟದ ಮೇಲ್ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದೆ. ಈಗ ಪುಸ್ತಕದ ಶೀರ್ಷಿಕೆಯೇ ಮೊದಲು ಕಣ್ಣಿಗೆ ಬೀಳುತ್ತದೆ.

ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್ ವಿಷಯದಲ್ಲಿ ಒಂದು ಎಚ್ಚರ ಬೇಕು. ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಇದನ್ನು ಉಚಿತವಾಗಿ ಕೊಡುತ್ತದೆ. 13 ಅಂಕಿಗಳ ಈ ಸಂಖ್ಯೆ ಮಾಲೆಗಲ್ಲ, ಅದರ ಒಂದೊಂದು ಪುಸ್ತಕಕ್ಕೆ. ಇ-ಪುಸ್ತಕ ಮಾಡಿದರೆ ಅದಕ್ಕೆ ಬೇರೆಯೇ ಸಂಖ್ಯೆ ಬೇಕು. ಮರುಮುದ್ರಣಕ್ಕೆ ಹಳೆಯ ಸಂಖ್ಯೆ ಸಾಕು, ಶೀರ್ಷಿಕೆ ಬದಲಾದರೆ ಅಥವಾ ಒಳಗಿನ ವಿಷಯವನ್ನು ಗಣನೀಯವಾಗಿ ಪರಿಷ್ಕರಿಸಿದರೆ ಹೊಸದು ಬೇಕು. ನನ್ನ ಮೊದಲ ಎರಡು ಪುಸ್ತಕಗಳಿಗೆ ಹೆಸರು ಬದಲಿಸಿದ್ದರಿಂದ ಮತ್ತೆ ಅರ್ಜಿ ಹಾಕಿದೆ. ಎಲ್ಲ ಶೀರ್ಷಿಕೆಗಳನ್ನೂ ಒಟ್ಟಿಗೆ ನಿಶ್ಚಯಿಸಿಕೊಂಡೇ ಮೊದಲ ಅರ್ಜಿ ಹಾಕಿದ್ದರೆ ಈ ಶ್ರಮ ತಪ್ಪುತ್ತಿತ್ತು.

ಪುಸ್ತಕದ ಬೆನ್ನಿನ ಅಳತೆಯೂ ಶೀರ್ಷಿಕೆಯನ್ನು ನಿಯಂತ್ರಿಸುತ್ತದೆ. 16 ಪುಟದ ಆರು ಫಾರಂಗಳ, ಅಂದರೆ 96 ಪುಟಗಳ ಪುಸ್ತಕಕ್ಕೆ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದಲ್ಲಿ ಸಿಗುವ ಬೆನ್ನು ನಾಲ್ಕೈದು ಮಿಲಿಮೀಟರ್ ಮಾತ್ರ. ಕನ್ನಡದ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಅಷ್ಟರಲ್ಲಿ ಅಕ್ಷರವನ್ನು ಬಹಳ ಕಿರಿದು ಮಾಡಬೇಕಾಗುತ್ತದೆ. ‘ಕೊಳೆ’ ಎಂಬಲ್ಲಿ ಒತ್ತಕ್ಷರವೇ ಇಲ್ಲ, ಅದು ದೂರದಿಂದಲೂ ಓದಲು ಬರುತ್ತದೆ. ಮಾಲೆಯ ಗುರುತಿಗಾಗಿ ಬೆನ್ನಿನ ಬುಡದಲ್ಲಿ ಅಡಿಕೆ ಹಾಳೆಯ ಬಣ್ಣದ ಪಟ್ಟಿಯೊಂದನ್ನು ಎಲ್ಲ ಪುಸ್ತಕಗಳಿಗೂ ಒಂದೇ ಎತ್ತರದಲ್ಲಿ ಕೊಟ್ಟೆ.

ಐದು ಪುಸ್ತಕಗಳಾದ ಮೇಲೆ ಮಲೆನಾಡಿನ ತೋಟಗಳನ್ನು ಎಲೆಚುಕ್ಕಿ ರೋಗ ಕಾಡತೊಡಗಿತು. ಭಾಗದ ಅಂಕಿ ಉಳಿದಿದ್ದರೆ ಈ ರೋಗದ ಪುಸ್ತಕ ಕೊಯ್ಲಿನ ನಂತರ ಆರನೆಯದಾಗಿ ಸೇರಬೇಕಾಗುತ್ತಿತ್ತು. ಈಗ ಅದು ‘ಕೊಳೆ’ಯ ಪಕ್ಕದಲ್ಲೇ ನಿಲ್ಲಬಹುದು. ಉಪಶೀರ್ಷಿಕೆಯಲ್ಲಿ ಮೊದಲು ‘ಗುರುತು ಮತ್ತು ಪರಿಹಾರ’ ಎಂದು ಬರೆದಿದ್ದೆ. ನನ್ನ ತೋಟದಲ್ಲಿ ರೋಗ ಇನ್ನೂ ಪೂರ್ತಿ ಹೋಗಿಲ್ಲದಿರುವಾಗ ‘ಪರಿಹಾರ’ ಎಂಬ ಪದವನ್ನು ಓದುಗರ ಕೈಗೆ ಕೊಡಲು ಮನಸ್ಸು ಒಪ್ಪದೆ ‘ಗುರುತು ಮತ್ತು ಹತೋಟಿ’ ಎಂದು ತಿದ್ದಿ, ನಂತರವೇ ಐಎಸ್‌ಬಿಎನ್ ಅರ್ಜಿ ಕಳುಹಿಸಿದೆ.