ಸೀರಿಯಲ್ ಪೋರ್ಟ್‌ನಲ್ಲೂ ಸದ್ದಿಲ್ಲದ ರೂಟರ್‌ಗಳನ್ನು ಎಬ್ಬಿಸಿದ್ದು: ನನ್ನ ಅನುಭವ

ಪವರ್ ಲೈಟ್ ಉರಿಯುತ್ತದೆ, ಅಷ್ಟೇ. ಲ್ಯಾನ್ ಲೈಟ್ ಇಲ್ಲ. ರೂಟರ್ ಏಳುವಾಗಿನ ಸಂದೇಶಗಳನ್ನು ಕಂಪ್ಯೂಟರ್‌ನಲ್ಲಿ ನೋಡಲು ಸೀರಿಯಲ್ ವೈರ್ ಕಟ್ಟಿ 115200ರ ವೇಗದಲ್ಲಿ ಕಾದು ಕೂತರೂ ಒಂದು ಅಕ್ಷರ ಬರುವುದಿಲ್ಲ. ಇಂಥ ಟಿಪಿ-ಲಿಂಕ್ ಡಬ್ಲ್ಯೂಡಿಆರ್4300 ರೂಟರ್‌ಗಳು ಒಂದು ಡಜನ್‌ನಷ್ಟು ನನ್ನ ಕೈಗೆ ಬಂದವು. ಒಂದು ಪಿಜಿಯವರು ಗುಜರಿಗೆ ಹಾಕುವವರಿದ್ದರು, ನಾನು ತಲಾ ಐವತ್ತು ಅರವತ್ತು ರೂಪಾಯಿ ಕೊಟ್ಟು ಎತ್ತಿಕೊಂಡು ಬಂದೆ. ಅಲ್ಲಿ ಯಾರೋ ಎಲ್ಲದಕ್ಕೂ ಯೂ-ಬೂಟ್, ಅಂದರೆ ರೂಟರ್ ಎದ್ದಾಗ ಮೊದಲು ಓಡುವ ಪ್ರೋಗ್ರಾಂ, ಬದಲಿಸಲು ಹೋಗಿದ್ದರಂತೆ. ಕೆಲವದರಲ್ಲಿ ಬೇರೆ ಮಾಡೆಲ್‌ನ ಯೂ-ಬೂಟ್ ಕೂತಿತ್ತು. ಕೆಲವದರಲ್ಲಿ ಅಳಿಸಿದ ಮೇಲೆ ಬರೆಯುವ ಮೊದಲೇ ಕರೆಂಟ್ ಹೋಗಿತ್ತು.

ರಿಪೇರಿ ಮಾಡುವ ಗೆಳೆಯರಿಗೆ ತೋರಿಸಿದೆ. "ಬಿಡು ಗುರೂ, ಬೋರ್ಡ್ ಹೋಗಿದೆ. ಸಾವಿರದ ಚಿಲ್ಲರೆಗೆ ಹೊಸದೇ ಸಿಗುತ್ತೆ" ಅಂದರು. ಈಗ ಅವೇ ಬೋರ್ಡ್‌ಗಳಲ್ಲಿ ಎರಡು ಬಿಟ್ಟು ಮಿಕ್ಕೆಲ್ಲ ವೈಫೈ ಸಮೇತ ಓಡುತ್ತಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಂಪ್ಯೂಟರ್‌ಗೆ 192.168.0.66 ವಿಳಾಸ ಕೊಟ್ಟು, ರೀಸೆಟ್ ಗುಂಡಿ ಒತ್ತಿ ಹಿಡಿದು, ನೆಟ್‌ವರ್ಕ್ ವೈರ್‌ನಲ್ಲಿ ಫರ್ಮ್‌ವೇರ್ (ರೂಟರ್‌ನ ಸಾಫ್ಟ್‌ವೇರ್) ತುಂಬುವ ಟಿಎಫ್‌ಟಿಪಿ ರಿಕವರಿ ಹಲವರಿಗೆ ಗೊತ್ತು. ಅದೆಲ್ಲ ಯೂ-ಬೂಟ್ ಬದುಕಿದ್ದರೆ ಮಾತ್ರ. ಆಲ್‌ವಿನ್ನರ್ ಕಂಪನಿಯ ಪ್ರೊಸೆಸರ್ ಇರುವ ಬೋರ್ಡ್ ಆಗಿದ್ದರೆ ಫೆಲ್ ಮೋಡ್ ಎಂಬ ತುರ್ತು ದಾರಿಗೆ ಹಾಕಿ ಯುಎಸ್‌ಬಿಯಿಂದ ಎಬ್ಬಿಸಬಹುದಿತ್ತು. ಈ ಬೋರ್ಡ್‌ನಲ್ಲಿ ಪ್ರೊಸೆಸರ್ ಎದ್ದ ಕೂಡಲೇ ನೇರ ಎಸ್‌ಪಿಐ ಫ್ಲ್ಯಾಶ್ ಚಿಪ್, ಅಂದರೆ ಯೂ-ಬೂಟ್, ಫರ್ಮ್‌ವೇರ್ ಎಲ್ಲ ಇರುವ ಮೆಮೊರಿ ಚಿಪ್, ಓದುತ್ತದೆ. ಅಲ್ಲಿ ಸರಿಯಾದದ್ದು ಇಲ್ಲದಿದ್ದರೆ ಮುಂದೆ ದಾರಿಯೇ ಇಲ್ಲ. ಚಿಪ್‌ಗೇ ಕೈ ಹಾಕಬೇಕು.

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಸಿಎಚ್341ಎ ಪ್ರೋಗ್ರಾಮರ್ (ಕಂಪ್ಯೂಟರ್‌ನಿಂದ ಇಂಥ ಚಿಪ್ ಓದಿ ಬರೆಯುವ ಸಾಧನ) ಮತ್ತು ಚಿಪ್‌ನ ಕಾಲುಗಳನ್ನು ಕಚ್ಚಿ ಹಿಡಿಯುವ ಎಂಟು ಕಾಲಿನ ಕ್ಲಿಪ್ ತಂದೆ. ಎರಡೂ ಸೇರಿ ನಾನೂರು ನಾನೂರೈವತ್ತು ಇರಬೇಕು. ದುಡ್ಡು ಹಾಳಾಗಲು ಶುರುವಾದದ್ದು ಇಲ್ಲಿಂದಲೇ. ಆ ಕ್ಲಿಪ್ ನಾಲ್ಕೈದು ಸಲ ಹಾಕಿ ತೆಗೆಯುವಷ್ಟರಲ್ಲಿ ಅದರ ಹಲ್ಲು ಒಳಗೆ ಸರಿದುಹೋಯಿತು. ಮತ್ತೊಂದು ತಂದೆ, ಅದೂ ಹಾಗೇ. ಕೊನೆಗೆ ಎಂಟುನೂರು ಹತ್ತಿರ ಕೊಟ್ಟು ಒಳ್ಳೆಯದು ತರಿಸಿದೆ. ಅದು ಇವತ್ತಿಗೂ ಗಟ್ಟಿಯಾಗಿದೆ. ಅಗ್ಗದ ಕ್ಲಿಪ್‌ಗೆ ಒಂದು ರೂಪಾಯಿಯೂ ಹಾಕಬೇಡಿ.

ಕಪ್ಪು ಬೋರ್ಡ್‌ನ ಸಿಎಚ್341ಎ ವಿಷಯವನ್ನೂ ಹೇಳಬೇಕು. ಚಿಪ್‌ನ ಪವರ್ ಕಾಲಿಗೆ ಅದು 3.3 ವೋಲ್ಟ್ ಕೊಡುತ್ತದೆ, ನಿಜ. ಆದರೆ ಅದರ ಐಸಿ ಓಡುವುದು 5 ವೋಲ್ಟ್‌ನಲ್ಲಿ. ಹಾಗಾಗಿ ಡೇಟಾ, ಕ್ಲಾಕ್ ಗೆರೆಗಳಲ್ಲಿ 5 ವೋಲ್ಟ್ ಬರುತ್ತದೆ. ಮೀಟರ್ ಹಿಡಿದರೆ ಕಾಣುತ್ತದೆ. ಫ್ಲ್ಯಾಶ್ ಚಿಪ್ ಒಂದೇ ಆಗಿದ್ದರೆ ಹೇಗೋ ತಡೆದುಕೊಂಡೀತು. ಬೋರ್ಡ್ ಮೇಲೆಯೇ ಕ್ಲಿಪ್ ಹಾಕಿದರೆ ಅದೇ ಗೆರೆಗಳು ಪ್ರೊಸೆಸರ್‌ಗೂ ಹೋಗುತ್ತವಲ್ವಾ! ನಾನು ಐಸಿಯ 28ನೇ ಕಾಲು ಎತ್ತಿ 3.3ಕ್ಕೆ ಕಟ್ಟಿದೆ, 9ನೇ ಕಾಲನ್ನೂ ಅದಕ್ಕೇ ಸೇರಿಸಿದೆ. ಅರ್ಧ ಗಂಟೆ ಕೆಲಸ. ಆಮೇಲೆ ಗೆರೆಗಳೆಲ್ಲ 3.3ಕ್ಕೆ ಬಂದವು.

ಇಷ್ಟಾದರೂ ಓದು ಸರಿಯಾಗಲಿಲ್ಲ. ಒಂದೇ ಚಿಪ್ ಎರಡು ಸಲ ಓದಿದರೆ ಎರಡು ಬೇರೆ ಫೈಲ್. ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ, ಎಂಡಿ5, ಹೊಂದುವುದೇ ಇಲ್ಲ. ಕೆಲವು ಸಲ ಚಿಪ್ ಓದುವ ಪ್ರೋಗ್ರಾಂ ಫ್ಲ್ಯಾಶ್‌ರೋಮ್, ಚಿಪ್ಪೇ ಇಲ್ಲ ಅನ್ನುತ್ತದೆ. ಇಲ್ಲೇ ತುಂಬಾ ಜನ ಕೈ ಬಿಡುವುದು. ತೊಂದರೆ ಇರುವುದು ಪವರ್‌ನಲ್ಲಿ. ಪ್ರೋಗ್ರಾಮರ್ ಕೊಡುವ 3.3 ವೋಲ್ಟ್ ಇಡೀ ಬೋರ್ಡ್‌ಗೆ ಹರಿಯುತ್ತದೆ. ಪ್ರೊಸೆಸರ್ ಅರ್ಧಂಬರ್ಧ ಎದ್ದು ತಾನೂ ಅದೇ ಚಿಪ್ ಓದಲು ಹೊರಡುತ್ತದೆ. ಇಬ್ಬರು ಒಂದೇ ಗೆರೆಯ ಮೇಲೆ ಮಾತಾಡಿದರೆ ಯಾರದ್ದೂ ಕೇಳುವುದಿಲ್ಲ.

ಮೊದಲು ಚಿಪ್ಪನ್ನೇ ಹಾಟ್ ಏರ್‌ನಲ್ಲಿ ತೆಗೆದು ಓದಿದೆ. ಓದು ಚೆನ್ನಾಗಿ ಬಂತು. ಆದರೆ ಒಂದು ಬೋರ್ಡ್‌ನಲ್ಲಿ ಚಿಪ್‌ನ ಕಾಲು ಕೂರುವ ತಾಮ್ರದ ಪ್ಯಾಡ್ ಕಿತ್ತು ಬಂತು, ಅದು ಅಲ್ಲಿಗೆ ಮುಗಿಯಿತು. ಆಮೇಲೆ ದಾರಿ ಬದಲಿಸಿದೆ. ಫ್ಲ್ಯಾಶ್‌ನ 8ನೇ ಕಾಲು, ಅಂದರೆ ಪವರ್ ಕಾಲು ಒಂದನ್ನೇ ಬಿಸಿ ಮಾಡಿ ಬ್ಲೇಡ್ ತುದಿಯಿಂದ ಕೂದಲೆಳೆಯಷ್ಟು ಎತ್ತಿದೆ. ಈಗ ಪವರ್ ಚಿಪ್‌ಗೆ ಮಾತ್ರ, ಬೋರ್ಡ್ ಮಲಗಿರುತ್ತದೆ. ಮೂರು ಸಲ ಓದಿದೆ, ಮೂರೂ ಎಂಡಿ5 ಒಂದೇ! ಆವತ್ತು ಊಟವೇ ಸೇರಲಿಲ್ಲ, ಅಷ್ಟು ಖುಷಿ. ಕಾಲು ಎತ್ತದೆಯೇ ಪ್ರೊಸೆಸರನ್ನು ಸುಮ್ನೆ ಇಡುವ ಇನ್ನೊಂದು ಉಪಾಯವೂ ನನ್ನ ಹತ್ತಿರ ಇದೆ. ಅದು ನನ್ನ ಅನ್ನದ ದಾರಿ, ಇಲ್ಲಿ ಹೇಳುವುದಿಲ್ಲ.

ಈಗ ಮುಖ್ಯ ಮಾತು. ಒಳ್ಳೆಯ ರೂಟರ್‌ನ ಇಡೀ 8 ಎಂಬಿ ತೆಗೆದು ಸತ್ತದ್ದಕ್ಕೆ ಸುರಿಯಬೇಡಿ. ಎಲ್ಲರೂ ಹೇಳಿಕೊಡುವುದು ಅದನ್ನೇ. ಹಾಗೆ ಮಾಡಿದ ಸೆಟ್ಟುಗಳು ಏಳುತ್ತವೆ, ಆದರೆ ವೈಫೈ ಹೆಚ್ಚು ದೂರ ಹೋಗದೆ ಇರಬಹುದು. ಚಿಪ್‌ನ ಕೊನೆಯ 64 ಕೆಬಿಯಲ್ಲಿ ಎಆರ್‌ಟಿ ಇರುತ್ತದೆ. ಆ ಬೋರ್ಡ್‌ನ ರೇಡಿಯೋಗೆ ಕಾರ್ಖಾನೆಯಲ್ಲಿ ಅಳೆದು ಬರೆದ ಲೆಕ್ಕ ಅದು. ಪಕ್ಕದ ಬೋರ್ಡ್‌ನದು ಇದಕ್ಕೆ ಹೊಂದುವುದಿಲ್ಲ. ಪ್ರತಿ ರೂಟರ್‌ಗೂ ಬೇರೆ ಇರಬೇಕಾದ ನೆಟ್‌ವರ್ಕ್ ಗುರುತು, ಮ್ಯಾಕ್ ವಿಳಾಸ, ಅದೂ ಎಲ್ಲದಕ್ಕೂ ಒಂದೇ ಆಗಿಬಿಡುತ್ತದೆ, ಒಂದೇ ನೆಟ್‌ವರ್ಕ್‌ನಲ್ಲಿ ಎರಡು ಹಾಕಿದರೆ ಎರಡೂ ಒದ್ದಾಡುತ್ತವೆ.

ನಾನು ಮಾಡಿದ್ದು ಇಷ್ಟು. ಸತ್ತ ಬೋರ್ಡ್‌ನದೇ ಪೂರ್ತಿ ಫೈಲ್ ಇಟ್ಟುಕೊಂಡು, ಮೊದಲ 128 ಕೆಬಿ ಮಾತ್ರ ಒಳ್ಳೆಯ ರೂಟರ್‌ನಿಂದ ತೆಗೆದು ಕೂರಿಸಿದೆ. ಒಳ್ಳೆಯ ರೂಟರ್ ಸಿಗದಿದ್ದರೂ ಚಿಂತೆಯಿಲ್ಲ. ಕಂಪನಿಯ ಫರ್ಮ್‌ವೇರ್‌ಗಳಲ್ಲಿ ಹೆಸರಿನೊಳಗೆ ಬೂಟ್ ಅಂತ ಇರುವ ಫೈಲ್ ಹಿಡಿಯಿರಿ, ಮೊದಲ 512 ಬೈಟ್ ಬಿಟ್ಟು ಮುಂದಿನ 128 ಕೆಬಿ ಕತ್ತರಿಸಿ. ಅದೇ ಯೂ-ಬೂಟ್. ಮ್ಯಾಕ್ ವಿಳಾಸ ಇರುವುದು ಸರಿಯಾಗಿ 127 ಕೆಬಿ ಮುಗಿದ ಜಾಗದಲ್ಲಿ, ಆರು ಬೈಟ್. ಡಬ್ಬದ ತಳದ ಲೇಬಲ್ ನೋಡಿ, ಫೈಲ್‌ನ ಬೈಟ್‌ಗಳನ್ನೇ ತಿದ್ದುವ ಹೆಕ್ಸ್ ಎಡಿಟರ್‌ನಲ್ಲಿ ತುಂಬಿದೆ. ಅಲ್ಲಿಂದ 256 ಬೈಟ್ ಮುಂದೆ ಮಾಡೆಲ್ ನಂಬರ್, ಇನ್ನೊಂದು 256 ದಾಟಿದರೆ ವೈಫೈ ಜೋಡಿಸುವ ಪಿನ್ ಸಂಖ್ಯೆ. ಅವೆರಡನ್ನೂ ನೋಡಿಕೊಳ್ಳಿ. ಮಾಡೆಲ್ ನಂಬರ್ ತಪ್ಪಿದ್ದರೆ ಮುಂದೆ ಕಂಪನಿಯ ಫರ್ಮ್‌ವೇರ್ ತಕರಾರು ತೆಗೆಯುತ್ತದೆ.

ಬರೆದು, ಪರೀಕ್ಷಿಸಿ, ಕಾಲು ಕೂರಿಸಿ ಪವರ್ ಕೊಟ್ಟೆ. ಸೀರಿಯಲ್‌ನಲ್ಲಿ ಸಾಲುಗಳು ಓಡತೊಡಗಿದವು. ಆಟೋಬೂಟ್ ಅಂತ ಬಂದ ಒಂದು ಸೆಕೆಂಡಿನೊಳಗೆ ಅದನ್ನು ತಡೆಯಲು ಟಿ-ಪಿ-ಎಲ್ ಅಂತ ಒತ್ತಬೇಕು. ಕೈ ಚುರುಕಾಗಿರಲಿ. ಅಲ್ಲಿಂದ ಟಿಎಫ್‌ಟಿಪಿಯಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಹಾಕಿದೆ. 128 ಎಂಬಿ ರ‍್ಯಾಮ್ ಇರುವ ಬೋರ್ಡ್ ಇದು, ಆರಾಮಾಗಿ ಓಡುತ್ತದೆ.

ನಡುವೆ ಸಿಎಚ್341ಎ ಬದಲು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನಲ್ಲೂ ಪ್ರಯತ್ನಿಸಿದೆ. ಅದರ ಪಿನ್‌ಗಳು ಮೊದಲೇ 3.3 ವೋಲ್ಟ್, ಬೆಸುಗೆಯ ಕಾಟವಿಲ್ಲ. ಫ್ಲ್ಯಾಶ್‌ನ 3 ಮತ್ತು 7ನೇ ಕಾಲನ್ನು 3.3ಕ್ಕೆ ಕಟ್ಟುವುದು ಮರೆಯಬೇಡಿ, ಇಲ್ಲದಿದ್ದರೆ ಚಿಪ್ ಮಾತಾಡದೆ ಇರಬಹುದು. ವೈರ್ ಗೇಣಿಗಿಂತ ಕಮ್ಮಿ ಇರಲಿ, ವೇಗವನ್ನು ಒಂದೆರಡು ಮೆಗಾಹರ್ಟ್ಸ್‌ಗೆ ಇಳಿಸಿ. ನನಗಂತೂ ಇದು ಸಿಎಚ್341ಎಗಿಂತ ಜಾಸ್ತಿ ನಂಬಿಕೆಯದು. ಒಂದಕ್ಕೆ 16 ಎಂಬಿ ಚಿಪ್ಪನ್ನೂ ಹಾಕಿದೆ. ಚಿಪ್ ಆಗ ನೂರು ರೂಪಾಯಿಯ ಆಸುಪಾಸಿಗೆ ಸಿಕ್ಕಿತು. ಎಆರ್‌ಟಿಯನ್ನು ಹೊಸ ಕೊನೆಗೆ ಸಾಗಿಸಿ, ಚಿಪ್‌ನಲ್ಲಿ ಯಾವುದು ಎಲ್ಲಿ ಎಂಬ ಪಾರ್ಟಿಷನ್ ಲೆಕ್ಕ ತಿದ್ದಿ, ಫರ್ಮ್‌ವೇರ್ ಇಮೇಜ್ ನಾನೇ ಕಟ್ಟಿಕೊಂಡೆ. ಈಗ ಅದು ನಮ್ಮ ಮನೆಯದು.

ಒಟ್ಟು ಖರ್ಚು ಬೋರ್ಡ್‌ಗಳೂ ಸೇರಿ ಮೂರು ಸಾವಿರ ಚಿಲ್ಲರೆ. ತಲಾ ಏಳುನೂರರ ಸುಮಾರಿಗೆ ಮಾರಿದೆ, ಖರ್ಚು ಕಳೆದು ಒಳ್ಳೆಯದೇ ಉಳಿಯಿತು. ಪ್ಯಾಡ್ ಕಿತ್ತದ್ದು ಬಿಡಿ ಭಾಗಕ್ಕೆ ಹೋಯಿತು. ಇನ್ನೊಂದರಲ್ಲಿ ಎಆರ್‌ಟಿಯೇ ಅಳಿಸಿಹೋಗಿತ್ತು. ಅದಕ್ಕೆ ಯೂ-ಬೂಟ್ ಹಾಕಿ ವೈಫೈ ಆಫ್ ಮಾಡಿದ್ದೇನೆ. ಅಂಗಡಿಯಲ್ಲಿ ಗಿಗಾಬಿಟ್ ಸ್ವಿಚ್ ಆಗಿ ಕೆಲಸ ಮಾಡುತ್ತಿದೆ.